ಹೋಂಸ್ಟೇ ಬಾಗಿಲಲ್ಲಿ ಯಾರೂ ಕೇಳದ ಪ್ರಶ್ನೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೋಂಸ್ಟೇ ಮಿತ್ರರು ಬೇಜಾರು ಮಾಡಿಕೊಂಡರೂ ಅಡ್ಡಿಯಿಲ್ಲ, ಇವತ್ತು ಇದನ್ನು ಬರೆದೇ ಬಿಡುತ್ತೇನೆ. ಬಂದವರಿಗೆ ನೀವು ಎಲ್ಲ ಕೇಳುತ್ತೀರಿ. ಆಧಾರ್ ಕೇಳುತ್ತೀರಿ, ಗಾಡಿ ನಂಬರ್ ಬರೆದುಕೊಳ್ಳುತ್ತೀರಿ, ಊಟಕ್ಕೆ ಬೆಳ್ಳುಳ್ಳಿ ನಡೆಯುತ್ತದಾ ಅಂತಲೂ ವಿಚಾರಿಸುತ್ತೀರಿ. ವಿದೇಶದವರಾದರೆ 24 ತಾಸಿನೊಳಗೆ ಫಾರ್ಮ್ ತುಂಬುತ್ತೀರಿ. ಆದರೆ "ಬ್ಯಾಗಲ್ಲಿ, ಡಿಕ್ಕಿಯಲ್ಲಿ ಪಿಸ್ತೂಲು, ಕೋವಿ, ಏರ್‌ಗನ್ ಏನಾದ್ರೂ ಇದ್ಯಾ?" ಅಂತ ಒಬ್ಬರೂ ಕೇಳಿದ್ದು ನಾನು ಕಂಡಿಲ್ಲ.

ಕೇಳಬೇಕು. ಇದೆ ಅಂದರೆ "ಹಾಗಾದ್ರೆ ನಮ್ಮಲ್ಲಿ ರೂಮಿಲ್ಲ" ಅನ್ನಬೇಕು. ನನ್ನ ವಾದ ಇಷ್ಟೇ.

ಜೋಗ, ಉಂಚಳ್ಳಿ, ಮಾಗೋಡು, ಸಾತೊಡ್ಡಿ ನೋಡಲು ಬರುವವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಹೆಂಡತಿ ಮಕ್ಕಳ ಜೊತೆ ಬಂದು, ತಂಬುಳಿ ಕುಡಿದು, ಫೋಟೋ ತೆಗೆದು ಹೋಗುವವರು. ಅವರಿಗೆ ಈ ಪ್ರಶ್ನೆಯಿಂದ ಏನೂ ತೊಂದರೆ ಇಲ್ಲ. ನಾನು ಹೇಳುತ್ತಿರುವುದು ಉಳಿದ ಒಬ್ಬನ ಬಗ್ಗೆ. ರಾತ್ರಿ ಊಟ ಆದ ಮೇಲೆ ಜಗುಲಿಯಲ್ಲಿ ಕೂತು, ದನಿ ತಗ್ಗಿಸಿ, "ಸಾರ್, ಇಲ್ಲಿ ಹಂದಿ ಬರ್ತಾವಂತಲ್ಲ, ಒಂದು ರೌಂಡು ಹೋಗಿ ಬರೋಣ್ವಾ?" ಅನ್ನುವವನ ಬಗ್ಗೆ. ಈ ಮಾತು ಕೇಳದ ಹೋಂಸ್ಟೇ ನಮ್ಮ ಕಡೆ ಕಡಿಮೆ. ಅಂಥವನ ಡಿಕ್ಕಿಯಲ್ಲಿ ಏನಿದೆ ಅಂತ ನಿಮಗೆ ಗೊತ್ತಾ?

ಈಗ ನಮ್ಮ ಕೋವಿಯ ಕಥೆ ನೋಡಿ. ಬೆಳೆ ರಕ್ಷಣೆಗೆ ಕೇಪಿನ ಕೋವಿಗೆ ಲೈಸೆನ್ಸ್ ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದೆ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಕೊಡಬಹುದು. ಹಾಗೆ ಪಡೆದ ಕೋವಿಯನ್ನು ನಾವು ಕಾಲಕಾಲಕ್ಕೆ ತೋರಿಸಬೇಕು, ನವೀಕರಿಸಬೇಕು, ಚುನಾವಣೆ ಬಂತೆಂದರೆ ಠಾಣೆಗೆ ಒಯ್ದು ಒಪ್ಪಿಸಬೇಕು. 2024ರ ಲೋಕಸಭೆ ಚುನಾವಣೆ ಘೋಷಣೆ ಆದದ್ದು ಮಾರ್ಚ್ 16ಕ್ಕೆ, ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಎರಡೂವರೆ ತಿಂಗಳ ಮೇಲಾಯಿತು. ಅಷ್ಟು ದಿನ ಬಾಳೆಗೊನೆ, ಸಿಂಗಾರ, ಎಳೆ ಅಡಕೆ ಎಲ್ಲ ಮಂಗನ ಪಾಲು. ಎಲ್ಲರ ಕೋವಿಯನ್ನೂ ಒಟ್ಟಾಗಿ ಇಡಿಸಿಕೊಳ್ಳಬೇಕು ಅಂತ ಚುನಾವಣಾ ಆಯೋಗವೂ ಹೇಳಿಲ್ಲ. ಜಾಮೀನಿನ ಮೇಲೆ ಇರುವವರು, ಅಪರಾಧದ ಹಿನ್ನೆಲೆ ಇರುವವರು, ಗಲಾಟೆಯಲ್ಲಿ ಸಿಕ್ಕವರು, ಹೀಗೆ ಪರಿಶೀಲನೆ ಮಾಡಿ ತೀರ್ಮಾನಿಸಿ ಅನ್ನುತ್ತದೆ ಅದರ ಸೂಚನೆ. ಆ ಜಗಳ ಬೇರೆ, ಇನ್ನೊಂದು ದಿನ ಆಡೋಣ. ಇಲ್ಲಿ ಹೇಳಬೇಕಾದದ್ದು ಇದು: ಮೂರು ತಲೆಮಾರಿನಿಂದ ಒಂದೇ ಊರಲ್ಲಿರುವ ರೈತನ ಕೋವಿಗೆ ಇಷ್ಟು ಲೆಕ್ಕ, ರಾತ್ರಿ ಎಂಟಕ್ಕೆ ಬಂದಿಳಿಯುವ ಅಪರಿಚಿತನ ಪಿಸ್ತೂಲಿಗೆ ಒಂದು ಪ್ರಶ್ನೆಯೂ ಇಲ್ಲ.

"ಲೈಸೆನ್ಸ್ ಇದ್ದವನು ತಂದರೆ ನಾವ್ಯಾಕೆ ಬೇಡ ಅನ್ನಬೇಕು?" ಅಂತ ನನ್ನ ಭಾವ ಕೇಳಿದ. 2017ರ ಅಕ್ಟೋಬರ್ 1ರಂದು ಅಮೆರಿಕದ ಲಾಸ್ ವೇಗಸ್‌ನಲ್ಲಿ ಒಬ್ಬ ಹೋಟೆಲಿನ 32ನೇ ಮಹಡಿಯಿಂದ ಕೆಳಗಿನ ಸಂಗೀತ ಕಾರ್ಯಕ್ರಮದ ಜನರ ಮೇಲೆ ಗುಂಡು ಹಾರಿಸಿದ. 60 ಜನ ಸತ್ತರು. ಆತ ಆ ಹೋಟೆಲಿನಲ್ಲೇ ಉಳಿದಿದ್ದ ಅತಿಥಿ. ಕಾನೂನು ಪ್ರಕಾರವೇ ಕೊಂಡ ಬಂದೂಕುಗಳನ್ನು ಕೆಲವು ದಿನಗಳಲ್ಲಿ ಸೂಟ್‌ಕೇಸಿನಲ್ಲಿ ಮೇಲೆ ಸಾಗಿಸಿದ್ದ. ನಮ್ಮಲ್ಲಿ ಹಾಗಾಗುತ್ತದೆ ಅಂತ ಹೆದರಿಸುತ್ತಿಲ್ಲ ಮಾರಾಯ್ರೆ. ಕಾಗದ ಸರಿ ಇದ್ದ ಮಾತ್ರಕ್ಕೆ ಮನುಷ್ಯ ಸರಿ ಇರುತ್ತಾನೆ ಅಂತಿಲ್ಲ, ಅಷ್ಟೇ. 2008ರ ನವೆಂಬರ್ ನಂತರ ಮುಂಬಯಿ, ಬೆಂಗಳೂರಿನ ದೊಡ್ಡ ಹೋಟೆಲುಗಳು ಬಾಗಿಲಲ್ಲೇ ಯಂತ್ರ ಇಟ್ಟು ಬ್ಯಾಗು ನೋಡುತ್ತವೆ. ನಮ್ಮ ಹತ್ತಿರ ಯಂತ್ರವೂ ಇಲ್ಲ, ಕಾವಲಿನವನೂ ಇಲ್ಲ. ಇರೋದು ಬಾಯಿ ಒಂದೇ. ಅದನ್ನಾದರೂ ಬಳಸಿ.

"ತಗೊಂಡು ಕಪಾಟಿನಲ್ಲಿ ಇಟ್ಟರಾಯ್ತಪ್ಪ, ಹೋಗುವಾಗ ಕೊಟ್ಟರಾಯ್ತು" ಅನ್ನುವವರೂ ಇದ್ದಾರೆ. ಇದು ಎಲ್ಲಕ್ಕಿಂತ ಅಪಾಯದ ಬುದ್ಧಿ. ಕಾಯ್ದೆಯ 3ನೇ ಕಲಂ ಓದಿ. ಸ್ವಂತ ಲೈಸೆನ್ಸ್ ಇಲ್ಲದವನು ಬೇರೆಯವರ ಕೋವಿ ಒಯ್ಯಬಹುದಾದ್ದು ಲೈಸೆನ್ಸ್‌ದಾರನ ಎದುರಿಗೆ ಅಥವಾ ಅವನ ಲಿಖಿತ ಒಪ್ಪಿಗೆ ಮೇಲೆ. ಅದೂ ರಿಪೇರಿಗೆ, ನವೀಕರಣಕ್ಕೆ, ಇಲ್ಲಾ ಆ ಲೈಸೆನ್ಸ್‌ದಾರನೇ ಬಳಸುವುದಕ್ಕೆ. ನಿಮ್ಮ ಕಪಾಟು ಇದರಲ್ಲಿ ಎಲ್ಲಿ ಬರುತ್ತದೆ? ಕೀಲಿ ನಿಮ್ಮ ಕೈಗೆ ಬಂದ ಕ್ಷಣ ಆ ಪಿಸ್ತೂಲಿಗೆ ಉತ್ತರ ಹೇಳಬೇಕಾದವರು ನೀವು. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಜೈಲು. ಎರಡು ಸಾವಿರದ ರೂಮಿಗೆ ಇದು ಬೇಕಾ?

ಏರ್‌ಗನ್ ಆಟಿಕೆ ಅಂದುಕೊಂಡವರೂ ಇದ್ದಾರೆ. 4.5 ಮಿಲಿಮೀಟರ್ ಒಳಗಿನ, 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ನಿಜ. ಲೈಸೆನ್ಸ್ ಬೇಡ ಅಂದರೆ ಕಣ್ಣಿಗೆ ಹೊಡೆದರೆ ನೋವಾಗುವುದಿಲ್ಲ ಅಂತಲ್ಲ. ಬೆಳಿಗ್ಗೆ ಆರಕ್ಕೆ ನಮ್ಮ ತೋಟದ ಕೆಳಗಿನ ತಲೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಬೆಟ್ಟದಲ್ಲಿ ಸೊಪ್ಪು, ದರಕು ತರುವವರು ಇರುತ್ತಾರೆ. ಮೇಲಿನಿಂದ ನೋಡಿದರೆ ಪೊದೆ ಅಲುಗಾಡಿದ್ದು ಮಾತ್ರ ಕಾಣುತ್ತದೆ. ಅದು ಹಂದಿಯೋ, ಕತ್ತಿ ಹಿಡಿದು ಬಗ್ಗಿದ ಹೆಂಗಸೋ, ಊರವನಿಗೆ ಗೊತ್ತಾಗುತ್ತದೆ. ಎರಡು ದಿನಕ್ಕೆ ಬಂದವನಿಗೆ ಗೊತ್ತಾಗುವುದಿಲ್ಲ.

ಇನ್ನು ಮನೆಯವರ ಕೋವಿ. ನಮ್ಮಲ್ಲಿ ಹೆಚ್ಚಿನ ಹೋಂಸ್ಟೇಗಳು ಅಡಕೆ ಬೆಳೆಗಾರರ ಮನೆಗಳೇ. ಕೆಲವರು ಅಜ್ಜನ ಕಾಲದ ಕೋವಿಯನ್ನು ಗೋಡೆಗೆ ತೂಗುಹಾಕಿ, ಅತಿಥಿಗಳ ಕೈಗೆ ಕೊಟ್ಟು ಫೋಟೋ ತೆಗೆಸುತ್ತಾರೆ. "ಒಂದು ಈಡು ಹೊಡೀಲಾ?" ಅಂದರೆ ಹೂಂ ಅನ್ನುತ್ತಾರೆ. ಆ ಲೈಸೆನ್ಸ್ ನಿಮ್ಮ ಬೆಳೆಗೆ ಕೊಟ್ಟದ್ದು, ಅತಿಥಿಯ ಮನರಂಜನೆಗಲ್ಲ. ಅವನ ಈಡಿಗೆ ಹಂದಿ ಬಿದ್ದರೆ ಅದು ವನ್ಯಜೀವಿ ಕಾಯ್ದೆಯ ಅಪರಾಧ. 2022ರ ತಿದ್ದುಪಡಿಯಲ್ಲಿ ನಮ್ಮ ಮಂಗ ಒಂದನೇ ಅನುಸೂಚಿಗೇ ಹೋಗಿ ಕೂತಿದೆ. ನಾವೇ ಸದ್ದಿಗಷ್ಟೇ ಈಡು ಹೊಡೆದು ಓಡಿಸುವ ಪ್ರಾಣಿ ಅದು. ಶಿಕ್ಷೆಯಾದವನ ಕೋವಿ ಲೈಸೆನ್ಸ್ ರದ್ದು ಮಾಡಿ, 5 ವರ್ಷ ಮತ್ತೆ ಕೊಡದ ಹಾಗೆ ಮಾಡಲು ಆ ಕಾಯ್ದೆಯಲ್ಲೇ ಅವಕಾಶ ಇದೆ. ಅತಿಥಿ ಸೋಮವಾರ ಆಫೀಸಿಗೆ ಹೋಗುತ್ತಾನೆ, ನೀವು ಕೋರ್ಟಿಗೆ.

"ಕೊಡಗಿನಲ್ಲಿ ಮನೆಮನೆಗೂ ಕೋವಿ ಇಲ್ವಾ?" ಅನ್ನಬೇಡಿ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2029ರವರೆಗೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿದಿದೆ. ಅದು ಅವರ ಮನೆತನದ ಕೋವಿಗೆ. ಅವರ ಮನೆಗೆ ಬಂದ ಪ್ರವಾಸಿಗೆ ಅಲ್ಲ.

ಪೇಟೆಯ ಲಾಡ್ಜುಗಳಿಗೂ ಇದೇ ಮಾತು, ನಮ್ಮವರಿಗೂ ಇದೇ ಮಾತು. ಕೋವಿ ತೋರಿಸಲು ಶಿರಸಿಗೆ ತಂದ ದಿನ ಕೆಲಸ ಮುಗಿಸಿ ಕವರಿನಲ್ಲಿ ಹಾಕಿಕೊಂಡು ಸಂಜೆ ಬಸ್ಸಿಗೆ ಮನೆ ಸೇರಿ. ಕೋವಿ ಜೊತೆ ಲಾಡ್ಜು ಮಾಡಬೇಡಿ. ರೈತನಿಗೊಂದು, ಪ್ರವಾಸಿಗೊಂದು ನ್ಯಾಯ ಬೇಡ ಅಂತಲೇ ನಾನು ಕೂಗುತ್ತಿರುವುದು.

ಹಾಗಾಗಿ ಬುಕಿಂಗ್ ಮೆಸೇಜಿನಲ್ಲೇ ನಾಲ್ಕು ಸಾಲು ಸೇರಿಸಿ: ಲೈಸೆನ್ಸ್ ಇರಲಿ ಬಿಡಲಿ, ಕೋವಿ, ಪಿಸ್ತೂಲು, ಏರ್‌ಗನ್ ತರುವಂತಿಲ್ಲ. ತಂದರೆ ರೂಮಿಲ್ಲ, ನಮ್ಮಲ್ಲಿ ಇಟ್ಟುಕೊಳ್ಳುವುದೂ ಇಲ್ಲ. ಮನೆಯ ಕೋವಿ ಮುಟ್ಟುವಂತಿಲ್ಲ. ಶಿಕಾರಿ ಮಾತು ಎತ್ತಿದರೆ ಬಿಲ್ ಮಾಡಿ ಕಳಿಸುತ್ತೇವೆ.

ಇದರಿಂದ ಗಿರಾಕಿ ಕಡಿಮೆಯಾಗುತ್ತಾರೆ ಅಂತ ಹೆದರಿಕೆಯಾ? ಆಗಲಿ. ಕಡಿಮೆಯಾಗುವವನು ಯಾರು ಅಂತ ಯೋಚಿಸಿ. ಹೆಂಡತಿ ಮಕ್ಕಳ ಜೊತೆ ಬರುವವನು ಈ ನಾಲ್ಕು ಸಾಲು ಓದಿ ಇನ್ನೂ ನಿಶ್ಚಿಂತೆಯಿಂದ ಬರುತ್ತಾನೆ. ಬಾರದವನು ಬಾರದಿರುವುದೇ ಒಳ್ಳೆಯದು. ಒಂದು ಮನೆಯಲ್ಲಿ ಒಂದು ಈಡು ಎಡವಟ್ಟಾದರೆ ಸಾಕು, ಮರುದಿನ ಮೂರೂ ತಾಲೂಕಿನ ಬೆಳೆ ರಕ್ಷಣೆ ಕೋವಿಗಳ ಮೇಲೆ ಕಣ್ಣು ಬೀಳುತ್ತದೆ. ಆಗ ಹೋಂಸ್ಟೇ ಮಾಡದ, ಬರೀ ತೋಟ ನಂಬಿದ ನಮ್ಮಂಥವರು ಮಂಗಗಳ ಮುಂದೆ ಚಪ್ಪಾಳೆ ತಟ್ಟುತ್ತಾ ನಿಲ್ಲಬೇಕಾಗುತ್ತದೆ.