ಚಿತ್ರದ ಹಿಂದಿನ ಸಕ್ಕರೆ

ಕಲಾಮಂದಿರದಲ್ಲಿ ಇತಿಹಾಸದ ಲೆಕ್ಕವೇಕೆಂದು ಕೆಲವು ರಸಿಕರು ಮುಖ ಸಿಂಡರಿಸುವರು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಸಂಗ್ರಹಾಲಯವು 2021ರಲ್ಲಿ ಡಚ್ಚರ ಗುಲಾಮಗಿರಿಯ ಚರಿತ್ರೆಯನ್ನು ಹತ್ತು ಮಂದಿಯ ಬಾಳಿನ ಮೂಲಕ ಪ್ರದರ್ಶಿಸಿತು. ಅವರಲ್ಲೊಬ್ಬಳು ಓಪ್ಯೆನ್. 1634ರಲ್ಲಿ ರೆಂಬ್ರಾಂಟನು ಅವಳನ್ನೂ ಅವಳ ಪತಿ ಮಾರ್ಟೆನನನ್ನೂ ಚಿತ್ರಿಸಿದನು. ಮಾರ್ಟೆನನ ಮನೆತನದ ಐಶ್ವರ್ಯವು ಸಕ್ಕರೆ ಶುದ್ಧಿಯ ಕಾರ್ಖಾನೆಯಿಂದ ಬಂದುದು. ಆ ಸಕ್ಕರೆಗಾಗಿ ಕಬ್ಬು ಕಡಿದವರು ಬ್ರೆಜಿಲಿನ ಗುಲಾಮರು.

ಇದನ್ನು ಹೇಳಿದರೆ ಚಿತ್ರದ ಸೊಬಗು ಕೆಡುವುದಂತೆ! 2016ರಲ್ಲಿ ಹಾಲೆಂಡೂ ಫ್ರಾನ್ಸೂ ಕೂಡಿ ಈ ಜೋಡಿಚಿತ್ರಗಳಿಗೆ 16 ಕೋಟಿ ಯೂರೋ ತೆತ್ತಾಗ ಲೆಕ್ಕವು ಕಲೆಗೆ ಅಡ್ಡಬರಲಿಲ್ಲವಷ್ಟೆ? ಕೊಂಡ ಬೆಲೆಯನ್ನು ಹೆಮ್ಮೆಯಿಂದ ಹೇಳುವವರು, ಆ ದಂಪತಿಗಳ ಕಪ್ಪು ರೇಷ್ಮೆಗೆ ಬೆವರು ತೆತ್ತವರ ಮಾತೆತ್ತಲು ಅಳುಕುವುದೇಕೆ? ರೆಂಬ್ರಾಂಟನ ಹಿರಿಮೆಯು ಇದರಿಂದ ಕುಗ್ಗದು. ನೋಡುವವರ ಕಣ್ಣು ತೆರೆಯುವುದು.