ಹೊಸ ತಂಡದಲ್ಲಿ ಎರಡನೆಯ ಸೂತ್ರಧಾರ

ಮನೆಯ ಯಜಮಾನನು ಕಾರ್ಯನಿಮಿತ್ತ ಪರವೂರಿಗೆ ಹೋದಾಗ ಮನೆವಾರ್ತೆಯನ್ನು ನೋಡಿಕೊಳ್ಳುವವರ ಹೊಣೆ ಎಂಥದೆಂಬುದನ್ನು ಗೃಹಸ್ಥರಾದ ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬಂದ ಅತಿಥಿ ಹಸಿದು ಹೋಗಬಾರದು, ಕೊಟ್ಟಿಗೆಯ ದನ ನೀರಿಲ್ಲದೆ ನಿಲ್ಲಬಾರದು, ಯಜಮಾನನು ಮರಳಿ ಬರುವಷ್ಟರಲ್ಲಿ ಯಾವ ಕೆಲಸವೂ ಕೆಟ್ಟಿರಬಾರದು. ಎಲ್ಲವೂ ಸರಿಯಾಗಿ ನಡೆದರೆ ಯಾರೂ ಹೊಗಳುವುದಿಲ್ಲ. ಒಂದು ತಪ್ಪಿದರೆ ಊರಿಗೆಲ್ಲ ತಿಳಿಯುತ್ತದೆ. ಹೀಗೆ ಹೊಣೆ ಹೊತ್ತವನು ಆ ಮನೆಗೆ ನಿನ್ನೆ ಮೊನ್ನೆ ಬಂದ ಹೊಸಬನಾಗಿದ್ದರಂತೂ ಅವನ ಕಷ್ಟವು ಇಮ್ಮಡಿಯಾಗುತ್ತದೆ.

ಇಂಥ ಹೊಣೆಯನ್ನೇ ವೃತ್ತಿಯಾಗಿ ಮಾಡಿಕೊಂಡವರು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಇದ್ದಾರೆ. ಅವರ ವಿಷಯವಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ಆಡಬೇಕೆಂದು ನಮಗೆ ತೋರಿದೆ. ಆಟದ ಸುದ್ದಿಗೂ ಕುಟುಂಬಗಳು ಓದುವ ಪತ್ರಿಕೆಗೂ ಏನು ಸಂಬಂಧವೆಂದು ಹಿರಿಯರು ಕೇಳಬಹುದು. ಮನೆಯ ಮಕ್ಕಳು ಈ ಆಟವನ್ನು ಬಲ್ಲರು. ಆದರೆ ಅವರ ಕಣ್ಣು ಬಹುಮಟ್ಟಿಗೆ ಪ್ರಸಿದ್ಧರ ಮೇಲೆಯೇ ನೆಟ್ಟಿರುತ್ತದೆ. ಪ್ರಸಿದ್ಧರು ಕುಳಿತಾಗ ಎದ್ದು ಬರುವವನ ಕಡೆಗೂ ಅವರ ದೃಷ್ಟಿಯನ್ನು ತಿರುಗಿಸುವುದು ನಮ್ಮ ಉದ್ದೇಶ.

ಆಟದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ವಿವರಣೆ ಅಗತ್ಯ. ಎನ್‌ಬಿಎ ಎಂಬ ಆ ಸಂಘಟನೆಯಲ್ಲಿ ೩೦ ತಂಡಗಳಿವೆ. ಒಂದೊಂದು ತಂಡವೂ ಸಾಮಾನ್ಯವಾಗಿ ಋತುವೊಂದರಲ್ಲಿ ೮೨ ಪಂದ್ಯಗಳನ್ನು ಆಡುತ್ತದೆ. ಪಂದ್ಯದ ಅವಧಿ ೪೮ ನಿಮಿಷ. ಅಂಕಣದಲ್ಲಿ ಪ್ರತಿ ತಂಡದಿಂದ ಐವರು. ಈ ಐವರಲ್ಲಿ ಚೆಂಡನ್ನು ಮುಂದಕ್ಕೆ ತಂದು, ಯಾರು ಎಲ್ಲಿ ನಿಲ್ಲಬೇಕು, ಯಾವ ವ್ಯೂಹವನ್ನು ಹೂಡಬೇಕು ಎಂಬುದನ್ನು ನಡೆಸಿಕೊಡುವವನೇ ಪಾಯಿಂಟ್ ಗಾರ್ಡ್. ಅವನನ್ನು ಸೂತ್ರಧಾರನೆಂದರೆ ತಪ್ಪಾಗದು. ಎಂಟು ಸೆಕೆಂಡುಗಳೊಳಗೆ ಚೆಂಡು ನಡುಗೆರೆಯನ್ನು ದಾಟಬೇಕು. ೨೪ ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆತವಾಗಬೇಕು. ಯೋಚಿಸುತ್ತ ನಿಲ್ಲಲು ಅಲ್ಲಿ ಅವಕಾಶವಿಲ್ಲ.

ಎಷ್ಟೇ ಬಲಶಾಲಿಯಾದರೂ ಮೊದಲ ಸೂತ್ರಧಾರನು ೪೮ ನಿಮಿಷವೂ ಓಡಲಾರನು. ಅವನು ವಿಶ್ರಮಿಸುವ ಹತ್ತು ಹದಿನೈದು ನಿಮಿಷಗಳ ಕಾಲ ಆಟವನ್ನು ನಡೆಸುವವನು ಎರಡನೆಯವನು. ಆ ಹೊತ್ತೂ ಒಟ್ಟಾಗಿ ದೊರೆಯುವುದಿಲ್ಲ. ಎರಡು ಮೂರು ತುಣುಕುಗಳಾಗಿ ಬರುತ್ತದೆ. ಬೆವರಿಳಿದು ಮೈ ಹದಕ್ಕೆ ಬರುವಷ್ಟರಲ್ಲಿ ತರಬೇತುದಾರನು ಹಿಂದಕ್ಕೆ ಕರೆಯುತ್ತಾನೆ. ಮುನ್ನಡೆಯಲ್ಲಿರುವ ತಂಡವನ್ನು ಮುನ್ನಡೆಯಲ್ಲಿಯೇ ಹಿಂದಿರುಗಿಸಿದರೆ ಅವನ ಕೆಲಸವಾಯಿತು.

ಇಂಥವನು ಹೊಸ ತಂಡಕ್ಕೆ ಹೋಗುವ ರೀತಿಯನ್ನು ಕೇಳಿದರೆ ನಮ್ಮಲ್ಲಿ ವರ್ಗಾವಣೆಯ ಆಜ್ಞೆಗೆ ಅಂಜುವ ನೌಕರರಿಗೂ ಆಶ್ಚರ್ಯವಾದೀತು. ತಂಡಗಳು ಆಟಗಾರರನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ. ಬಹುತೇಕ ಆಟಗಾರರಿಗೆ ಇದನ್ನು ಒಲ್ಲೆನೆನ್ನುವ ಹಕ್ಕಿಲ್ಲ. ಫೆಬ್ರವರಿಯಲ್ಲಿ ವಿನಿಮಯದ ಗಡುವು ಮುಗಿಯುವ ಹೊತ್ತಿಗೆ, ಒಂದು ನಗರದಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸಿದ ತಂದೆಯು ಸಂಜೆಯೊಳಗೆ ಇನ್ನೊಂದು ನಗರದ ವಿಮಾನವನ್ನು ಏರಬೇಕಾಗಬಹುದು. ಹತ್ತೇ ದಿನಗಳ ಕರಾರೆಂಬುದೂ ಅಲ್ಲಿ ಉಂಟು. ಅಂಥವನಿಗೆ ಹನ್ನೊಂದನೆಯ ದಿನ ಅನ್ನದ ದಾರಿ ಯಾವುದೆಂಬುದು ಹತ್ತನೆಯ ದಿನದವರೆಗೂ ತಿಳಿಯದು. ಪ್ರಸಿದ್ಧ ಆಟಗಾರರ ಸಂಬಳದ ಕಥೆಗಳನ್ನು ಕೇಳಿದ ನಾವು ಈ ಆಟದಲ್ಲಿ ಇಂಥ ಬದುಕೂ ಇದೆಯೆಂಬುದನ್ನು ಮರೆಯುತ್ತೇವೆ.

ಹೊಸ ತಂಡದಲ್ಲಿ ಅವನು ಕಲಿಯಬೇಕಾದುದು ಏನು? ಮೊದಲನೆಯದು ಭಾಷೆ. ಒಂದೇ ವ್ಯೂಹಕ್ಕೆ ಒಂದು ತಂಡದಲ್ಲಿ ಒಂದು ಹೆಸರು, ಮತ್ತೊಂದರಲ್ಲಿ ಬೇರೆ ಹೆಸರು. ಇಲ್ಲಿ ಮುಷ್ಟಿಯ ಸಂಜ್ಞೆಯಾದರೆ ಅಲ್ಲಿ ಬೆರಳಿನ ಸಂಜ್ಞೆ. ಹಳೆಯ ಹೆಸರುಗಳನ್ನು ಮರೆತು ಹೊಸವನ್ನು ನಾಲಗೆಗೆ ತಂದುಕೊಳ್ಳಬೇಕು. ಉಳಿದವರು ತಮ್ಮ ಸ್ಥಾನವೊಂದನ್ನು ತಿಳಿದರೆ ಹೇಗೋ ನಡೆದೀತು. ಸೂತ್ರಧಾರನು ಐವರ ಸ್ಥಾನಗಳನ್ನೂ ತಿಳಿದಿರಬೇಕು.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು, ಜೊತೆಗಾರರ ಸ್ವಭಾವ. ಈ ಆಟದಲ್ಲಿ ಪಿಕ್ ಆ್ಯಂಡ್ ರೋಲ್ ಎಂಬ ಪ್ರಸಿದ್ಧ ತಂತ್ರವಿದೆ. ಎತ್ತರದ ಜೊತೆಗಾರನೊಬ್ಬನು ಎದುರಾಳಿಯ ದಾರಿಗೆ ಗೋಡೆಯಂತೆ ನಿಲ್ಲುತ್ತಾನೆ. ಆ ಮರೆಯಲ್ಲಿ ಸೂತ್ರಧಾರನು ನುಗ್ಗುತ್ತಾನೆ. ಗೋಡೆಯಾಗಿ ನಿಂತವನು ತಿರುಗಿ ಬುಟ್ಟಿಯತ್ತ ಧಾವಿಸುತ್ತಾನೆ. ಆದರೆ ಎಲ್ಲರೂ ಬುಟ್ಟಿಯತ್ತ ಧಾವಿಸುವುದಿಲ್ಲ. ಕೆಲವರು ಹಿಂದೆ ಸರಿದು ದೂರದಿಂದ ಎಸೆಯಲು ಬಯಸುತ್ತಾರೆ. ಒಬ್ಬನಿಗೆ ಚೆಂಡು ತಲೆಯ ಮೇಲೆ ಬರಬೇಕು, ಮತ್ತೊಬ್ಬನಿಗೆ ಎದೆಯ ಮಟ್ಟದಲ್ಲಿ, ಇನ್ನೊಬ್ಬನಿಗೆ ಪುಟಿದು ಬರಬೇಕು. ಇವನ್ನು ಹಳೆಯ ಪಂದ್ಯಗಳ ಚಿತ್ರಣ ನೋಡಿ ಒಂದಿಷ್ಟು ಕಲಿಯಬಹುದು. ಉಳಿದುದು ಕೂಡಿ ಆಡಿಯೇ ಬರಬೇಕು. ಋತುವಿನ ನಡುವೆ ಬಂದವನಿಗೆ ಕೂಡಿ ಆಡುವ ಅಭ್ಯಾಸದ ದಿನಗಳು ಕಡಿಮೆ. ಆದ್ದರಿಂದ ಅವನ ಕಲಿಕೆಯು ವಿಮಾನದಲ್ಲಿ, ವಸತಿಗೃಹದಲ್ಲಿ, ಪಂದ್ಯದ ನಡುವೆ ಬೆಂಚಿನ ಮೇಲೆ ಸಾಗುತ್ತದೆ. ಹೊಸ ಸೊಸೆಯು ಅತ್ತೆಮನೆಯಲ್ಲಿ ಯಾರಿಗೆ ಉಪ್ಪು ಕಡಿಮೆ, ಯಾರಿಗೆ ರೊಟ್ಟಿ ಬಿಸಿಯಿರಬೇಕು ಎಂಬುದನ್ನು ಯಾರೂ ಹೇಳದೆ ಕಂಡುಕೊಳ್ಳುವಂತೆಯೇ ಇದು ಎಂದು ನಮಗೆ ಅನಿಸುತ್ತದೆ.

ಸ್ಟೀವ್ ಕೆರ್ ಎಂಬ ಆಟಗಾರನ ಬಾಳು ಇದಕ್ಕೆ ಉತ್ತಮ ನಿದರ್ಶನ. ೧೯೮೮ರ ಆಯ್ಕೆಯಲ್ಲಿ ೫೦ನೆಯವನಾಗಿ ಫೀನಿಕ್ಸ್ ತಂಡಕ್ಕೆ ಬಂದ ಆತನು ಕ್ಲೀವ್‌ಲ್ಯಾಂಡ್, ಒರ್ಲ್ಯಾಂಡೊ ತಂಡಗಳನ್ನು ಸುತ್ತಿ ೧೯೯೩ರಲ್ಲಿ ಶಿಕಾಗೊ ತಂಡವನ್ನು ಸೇರಿದನು. ಮೈಕಟ್ಟಿನಲ್ಲಿಯಾಗಲಿ ವೇಗದಲ್ಲಿಯಾಗಲಿ ಆತನು ಅಸಾಮಾನ್ಯನಲ್ಲ. ದೂರದಿಂದ ಗುರಿ ತಪ್ಪದೆ ಎಸೆಯುವುದೊಂದೇ ಆತನ ಬಂಡವಾಳ. ಶಿಕಾಗೊ ತಂಡದ ತ್ರಿಕೋನ ವ್ಯೂಹದಲ್ಲಿ ಸೂತ್ರಧಾರನು ಚೆಂಡನ್ನು ತನ್ನ ಕೈಯಲ್ಲಿಯೇ ಇಟ್ಟುಕೊಳ್ಳಬೇಕಾಗಿರಲಿಲ್ಲ. ಕೊಟ್ಟು, ತನ್ನ ಜಾಗಕ್ಕೆ ಸರಿದು, ಸಿದ್ಧನಾಗಿ ನಿಂತರೆ ಸಾಕಾಗಿತ್ತು. ಆ ವ್ಯವಸ್ಥೆಯು ಆತನಲ್ಲಿ ಇಲ್ಲದುದನ್ನು ಬೇಡದೆ ಇದ್ದುದನ್ನು ಬಳಸಿಕೊಂಡಿತು. ೧೯೯೫ರಲ್ಲಿ ಅಭ್ಯಾಸದ ವೇಳೆ ತಂಡದ ನಾಯಕಮಣಿ ಮೈಕೆಲ್ ಜೋರ್ಡಾನ್‌ನೊಡನೆ ಜಗಳವಾಗಿ ಆತನಿಂದ ಏಟು ತಿಂದುದೂ ಉಂಟು. ಜೋರ್ಡಾನ್ ಅನಂತರ ಕ್ಷಮೆ ಕೇಳಿದನು. ಪರಸ್ಪರ ಗೌರವ ಬೆಳೆಯಿತು. ೧೯೯೭ರ ಅಂತಿಮ ಸರಣಿಯ ಆರನೆಯ ಪಂದ್ಯದಲ್ಲಿ ಅಂಕಗಳು ೮೬–೮೬ ಸಮನಾಗಿ ಕೆಲವೇ ಸೆಕೆಂಡುಗಳು ಉಳಿದಿದ್ದಾಗ, ಎದುರಾಳಿಗಳು ಜೋರ್ಡಾನ್‌ನನ್ನು ಮುತ್ತಿದರು. ಆತನು ಚೆಂಡನ್ನು ಕೊಟ್ಟುದು ಕೆರ್‌ನ ಕೈಗೆ. ಎಸೆತವು ಬುಟ್ಟಿಯನ್ನು ಸೇರಿತು. ಪ್ರಶಸ್ತಿ ಶಿಕಾಗೊ ತಂಡದ್ದಾಯಿತು. ಮುಂದೆ ೨೦೦೩ರಲ್ಲಿ, ೩೭ರ ವಯಸ್ಸಿನಲ್ಲಿ, ಸ್ಯಾನ್ ಆಂಟೊನಿಯೊ ತಂಡದ ಬೆಂಚಿನಲ್ಲಿ ಬಹುಕಾಲ ಕುಳಿತಿದ್ದ ಆತನು ಯುವಕ ಟೋನಿ ಪಾರ್ಕರ್ ಅಸ್ವಸ್ಥನಾದ ಪಂದ್ಯದಲ್ಲಿ ಎದ್ದುಬಂದು ನಾಲ್ಕು ಮೂರಂಕದ ಎಸೆತಗಳನ್ನೆಸೆದು ನಾಲ್ಕನ್ನೂ ಸಾಧಿಸಿದನು. ತಂಡವು ಆ ವರ್ಷ ಪ್ರಶಸ್ತಿಯನ್ನು ಪಡೆಯಿತು. ತಿಂಗಳುಗಟ್ಟಲೆ ಕರೆ ಬಾರದಿದ್ದರೂ ನಿತ್ಯದ ಅಭ್ಯಾಸವನ್ನು ಬಿಡದವನಿಗೆ ಮಾತ್ರ ಇದು ಸಾಧ್ಯ.

ಕೆರ್‌ನ ಕಥೆಯನ್ನಷ್ಟೇ ಹೇಳಿದರೆ ಸತ್ಯದ ಅರ್ಧವನ್ನು ಮುಚ್ಚಿಟ್ಟಂತಾದೀತು. ಜೆರೆಮಿ ಲಿನ್ ಎಂಬ, ತೈವಾನ್ ಮೂಲದ ತಂದೆತಾಯಿಗಳ ಮಗನನ್ನು ನೋಡಿ. ಹಾರ್ವರ್ಡ್‌ನಲ್ಲಿ ಓದಿದ ಆತನನ್ನು ೨೦೧೦ರ ಆಯ್ಕೆಯಲ್ಲಿ ಯಾವ ತಂಡವೂ ಆರಿಸಲಿಲ್ಲ. ೨೦೧೧ರ ಡಿಸೆಂಬರ್ ಒಂದೇ ತಿಂಗಳಲ್ಲಿ ಗೋಲ್ಡನ್ ಸ್ಟೇಟ್ ತಂಡವೂ ಹ್ಯೂಸ್ಟನ್ ತಂಡವೂ ಆತನನ್ನು ಕೈಬಿಟ್ಟವು. ನ್ಯೂಯಾರ್ಕ್ ತಂಡವು ಕರೆದುಕೊಂಡಿತಾದರೂ ಉಳಿಯುವ ಭರವಸೆಯಿರಲಿಲ್ಲ. ಸ್ವಂತ ಮನೆಯನ್ನು ಮಾಡದೆ ಅಣ್ಣನ ವಸತಿಯ ಸೋಫಾದ ಮೇಲೆ ಮಲಗುತ್ತಿದ್ದನು. ೨೦೧೨ರ ಫೆಬ್ರವರಿ ೪ರಂದು, ಸೋಲುಗಳಿಂದ ಬಸವಳಿದಿದ್ದ ತಂಡವು ಬೇರೆ ದಾರಿ ಕಾಣದೆ ಆತನನ್ನು ಇಳಿಸಿತು. ಆತನು ೨೫ ಅಂಕಗಳನ್ನು ಗಳಿಸಿ, ಏಳು ಬಾರಿ ಜೊತೆಗಾರರ ಅಂಕಕ್ಕೆ ನೆರವಾದನು. ಆರು ದಿನಗಳ ಬಳಿಕ ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡದ ಎದುರು ೩೮ ಅಂಕ. ತಂಡವು ಸತತ ಏಳು ಪಂದ್ಯಗಳನ್ನು ಗೆದ್ದಿತು. ಅಲ್ಲಿನ ಪದ್ಧತಿಯು ನಾವು ಮೇಲೆ ಹೇಳಿದ ಪಿಕ್ ಆ್ಯಂಡ್ ರೋಲ್ ತಂತ್ರವನ್ನೇ ನೆಚ್ಚಿತ್ತು. ಆತನ ಕೈಗೂ ಅದೇ ಒಗ್ಗಿತ್ತು.

ಅದೇ ಲಿನ್ ೨೦೧೯ರ ಫೆಬ್ರವರಿಯಲ್ಲಿ ಟೊರಾಂಟೊ ತಂಡಕ್ಕೆ ಬಂದಾಗ ಆದುದೇ ಬೇರೆ. ಫ್ರೆಡ್ ವ್ಯಾನ್‌ವ್ಲೀಟ್‌ನ ಹೆಬ್ಬೆರಳಿಗೆ ಗಾಯವಾಗಿದ್ದುದರಿಂದ ಆತನಿಗೆ ಸ್ಥಳವಿತ್ತು. ಗಾಯವು ಮಾಯಿತು, ಸ್ಥಳವೂ ಹೋಯಿತು. ಆ ವರ್ಷ ಟೊರಾಂಟೊ ತಂಡವೇ ಪ್ರಶಸ್ತಿಯನ್ನು ಗೆದ್ದಿತು. ಅಂತಿಮ ಸರಣಿಯಲ್ಲಿ ಲಿನ್ ಆಡಿದುದು ಒಂದೇ ನಿಮಿಷ. ಆಡದೆ ದೊರೆತ ಪ್ರಶಸ್ತಿಯು ಆತನ ಮನಸ್ಸನ್ನು ತಣಿಸಲಿಲ್ಲ. ಅನಂತರ ಚೀನಾ ಮತ್ತು ತೈವಾನ್‌ಗಳಲ್ಲಿ ಆಡಿ ೨೦೨೫ರಲ್ಲಿ ನಿವೃತ್ತನಾದನು. ಏಳು ವರ್ಷಗಳಲ್ಲಿ ಆತನ ಶ್ರದ್ಧೆಯು ಕುಂದಿರಲಿಲ್ಲ. ತಂಡದ ಅಗತ್ಯವು ಬೇರೆಯಾಗಿತ್ತು. ಶ್ರಮಕ್ಕೆ ಫಲವು ಸದಾ ದೊರೆಯುವುದೆಂದು ಮಕ್ಕಳಿಗೆ ಹೇಳುವಾಗ ಹಿರಿಯರಾದ ನಾವು ಈ ಮಾತನ್ನೂ ಸೇರಿಸಿ ಹೇಳುವುದು ಒಳಿತು. ಸ್ಥಾನ ಸಿಗದಿದ್ದುದು ಯೋಗ್ಯತೆ ಇಲ್ಲದುದರ ಸಾಕ್ಷಿಯಲ್ಲ.

ಲಿನ್‌ನ ಹಾಗೆಯೇ ೨೦೧೦ರಲ್ಲಿ ಆಯ್ಕೆಯಾಗದೆ ಉಳಿದ ಇನ್ನೊಬ್ಬನು ಇಶ್ ಸ್ಮಿತ್. ೨೦೨೨–೨೩ರ ಋತುವಿನಲ್ಲಿ ಡೆನ್ವರ್ ತಂಡಕ್ಕೆ ಆಡಿದಾಗ ಅದು ಆತನ ಹದಿಮೂರನೆಯ ತಂಡವಾಯಿತು. ಅಷ್ಟು ತಂಡಗಳಿಗೆ ಆಡಿದವರು ಆ ಸಂಘಟನೆಯಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಹದಿಮೂರು ಬಾರಿ ಹೊಸ ಸಂಜ್ಞೆಗಳು, ಹೊಸ ಜೊತೆಗಾರರು, ಹೊಸ ಊರು. ಹದಿಮೂರು ತಂಡಗಳು ಆತನನ್ನು ಉಳಿಸಿಕೊಳ್ಳಲಿಲ್ಲವೆಂದು ಹೇಳಬಹುದು. ಹದಿಮೂರು ತಂಡಗಳು ಆತನನ್ನು ಬೇಕೆಂದು ಕರೆದವೆಂದೂ ಹೇಳಬಹುದು. ೨೦೨೩ರಲ್ಲಿ ಡೆನ್ವರ್ ಪ್ರಶಸ್ತಿಯನ್ನು ಗೆದ್ದಾಗ ಆತನೂ ಆ ತಂಡದಲ್ಲಿದ್ದನು.

ಟಿ. ಜೆ. ಮೆಕಾನಲ್‌ನ ದಾರಿ ಬೇರೆ. ಫಿಲಡೆಲ್ಫಿಯದಲ್ಲಿ ನಾಲ್ಕು ಋತುಗಳನ್ನು ಕಳೆದು ೨೦೧೯ರಲ್ಲಿ ಇಂಡಿಯಾನ ತಂಡಕ್ಕೆ ಬಂದ ಆತನು ಅಲ್ಲಿಯೇ ಬೇರೂರಿದನು. ೨೦೨೫ರ ಜೂನ್ ೨೨ರಂದು, ಅಂತಿಮ ಸರಣಿಯ ನಿರ್ಣಾಯಕ ಏಳನೆಯ ಪಂದ್ಯದ ಮೊದಲ ಭಾಗದಲ್ಲಿಯೇ, ಮೊದಲ ಸೂತ್ರಧಾರ ಟೈರಿಸ್ ಹ್ಯಾಲಿಬರ್ಟನ್ ಹಿಮ್ಮಡಿಯ ನರ ಹರಿದು ಕುಸಿದನು. ಹೊಣೆಯ ದೊಡ್ಡ ಪಾಲು ಮೆಕಾನಲ್‌ನ ಹೆಗಲಿಗೆ ಬಂತು. ತಂಡವು ೯೧–೧೦೩ರಿಂದ ಸೋತಿತು. ಆದರೆ ಆ ಸಂಜೆ ತಂಡವು ಬಿಟ್ಟುಕೊಡದೆ ಕೊನೆಯವರೆಗೆ ಹೋರಾಡಿತೆಂದರೆ, ಆರು ವರ್ಷ ಕೂಡಿ ಆಡಿ ಗಳಿಸಿದ ಪರಿಚಯವು ಅದರ ಹಿಂದಿತ್ತು. ಹತ್ತು ದಿನಗಳ ಕರಾರಿನವನಿಂದ ಇದನ್ನು ನಿರೀಕ್ಷಿಸಲಾಗದು.

ಈ ನಾಲ್ವರನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೊಸಬನು ಹೊಂದಿಕೊಳ್ಳಬೇಕೆಂದು ನಾವೆಲ್ಲರೂ ಸುಲಭವಾಗಿ ಹೇಳುತ್ತೇವೆ. ಆದರೆ ಹೊಂದಿಕೆಯು ಒಬ್ಬನ ಕೆಲಸವಲ್ಲ. ಬಂದವನು ಕಿವಿ ತೆರೆದು, ತನ್ನ ಹಳೆಯ ರೂಢಿಯನ್ನು ಬದಿಗಿಟ್ಟು, ಉಳಿದವರ ಅಭ್ಯಾಸಗಳನ್ನು ಕಲಿಯಬೇಕು. ಅದು ಅವನ ಪಾಲು. ಅವನಲ್ಲಿ ಏನಿದೆಯೆಂದು ಕಂಡು ಅದಕ್ಕೆ ಎಡೆ ಮಾಡಿಕೊಡುವುದು, ಕಲಿಯಲು ಕಾಲಾವಕಾಶ ಕೊಡುವುದು, ಮೊದಲ ತಪ್ಪಿಗೇ ಅಳತೆ ಹಾಕದಿರುವುದು ತಂಡದ ಪಾಲು. ಎರಡನೆಯ ಪಾಲು ಇಲ್ಲದಾಗ ಮೊದಲನೆಯದು ಎಷ್ಟಿದ್ದರೂ ವ್ಯರ್ಥವಾಗಬಹುದು. ಮನೆಗೆ ಸೊಸೆಯನ್ನು ತರುವವರಿಗೂ, ಕಚೇರಿಗೆ ಹೊಸಬನನ್ನು ಸೇರಿಸಿಕೊಳ್ಳುವವರಿಗೂ, ಮಕ್ಕಳನ್ನು ದೂರದ ಊರಿನ ಕೆಲಸಕ್ಕೆ ಕಳುಹಿಸಿ ಅವರ ಪತ್ರಕ್ಕೂ ಕರೆಗೂ ಕಾಯುವವರಿಗೂ ಇದು ಅನ್ವಯಿಸುತ್ತದೆಯೆಂದು ನಾವು ನಂಬಿದ್ದೇವೆ.

ಮುಂದೊಮ್ಮೆ ಮನೆಯ ಮಕ್ಕಳು ಈ ಆಟವನ್ನು ನೋಡುತ್ತಿರುವಾಗ ಹಿರಿಯರೂ ಸ್ವಲ್ಪ ಹೊತ್ತು ಜೊತೆಗೆ ಕುಳಿತುಕೊಳ್ಳಿ. ಪ್ರಸಿದ್ಧ ಆಟಗಾರನು ಬೆವರೊರೆಸಿಕೊಳ್ಳುತ್ತ ಬೆಂಚಿಗೆ ಮರಳಿದಾಗ ಎದ್ದು ಹೋಗಬೇಡಿ. ಆತನ ಸ್ಥಾನಕ್ಕೆ ಬಂದವನ ಹೆಸರೇನೆಂದು ಮಕ್ಕಳನ್ನು ಕೇಳಿ. ಅನಂತರದ ನಾಲ್ಕು ನಿಮಿಷ ಅವನು ಯಾರಿಗೆ ಚೆಂಡನ್ನು ಹೇಗೆ ಕೊಡುತ್ತಾನೆ, ಉಳಿದ ನಾಲ್ವರು ಅವನ ಸಂಜ್ಞೆಗೆ ಹೇಗೆ ಓಗೊಡುತ್ತಾರೆ ಎಂಬುದನ್ನು ಗಮನಿಸಿ. ಅಂಕಫಲಕವು ಹೇಗಿತ್ತೋ ಹಾಗೆಯೇ ಉಳಿದಿದ್ದರೆ, ಅವನು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದಾನೆಂದು ಮಕ್ಕಳಿಗೆ ತಿಳಿಸಿಹೇಳಿ.