ತಾಮ್ರದ ಗುಂಡಿಗೆ ದಯೆಯ ಹೆಸರೇ?

ಹಿಂಸೆಯು ತನ್ನ ನಿಜವಾದ ಹೆಸರಿನಿಂದ ಬಂದಾಗ ಅದನ್ನು ಗುರುತಿಸುವುದು ಕಷ್ಟವಲ್ಲ. ಅದು ದಯೆಯ ಹೆಸರಿನಲ್ಲಿ ಬಂದಾಗ ವಿವೇಕಿಗಳೂ ಎಡವುತ್ತಾರೆ. ಅಮೆರಿಕ ಮತ್ತು ಯೂರೋಪಿನ ಬೇಟೆಗಾರರ ವಲಯದಲ್ಲಿ ಇಂದು ‘ನೈತಿಕ ಬೇಟೆ’, ‘ಮಾನವೀಯ ಗುಂಡು’ ಎಂಬ ಮಾತುಗಳು ಬಹುವಾಗಿ ಚಲಾವಣೆಯಲ್ಲಿವೆ. ವಿಷಕಾರಿಯಾದ ಸೀಸವನ್ನು ಕೈಬಿಟ್ಟು, ಹಗುರವಾದ ತಾಮ್ರದ ಗುಂಡನ್ನು ಸಣ್ಣ ವ್ಯಾಸದ ರೈಫಲಿನಿಂದ ಹಾರಿಸಿ, ಜಿಂಕೆಯನ್ನು ಕ್ಷಣಾರ್ಧದಲ್ಲಿ ಕೊಂದರೆ ಅದರಲ್ಲಿ ದೋಷವೇನೂ ಉಳಿಯುವುದಿಲ್ಲವೆಂಬುದು ಈ ಮಾತುಗಳ ಸಾರ.

ಆ ದೇಶಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳು ಸಹಪಾಠಿಗಳ, ಸಹೋದ್ಯೋಗಿಗಳ ಬಾಯಿಂದ ಈ ವಾದವನ್ನು ಕೇಳುವುದು ಸಹಜ. ಅವರಿಗೆ ‘ಬೇಟೆ ಪಾಪ’ ಎಂಬ ಎರಡು ಪದಗಳ ಉತ್ತರ ಸಾಲದು. ಎದುರಾಳಿಯ ಮಾತಿನಲ್ಲಿ ಸತ್ಯವಿರುವಷ್ಟನ್ನು ಒಪ್ಪಿಕೊಂಡು, ಅಸತ್ಯವು ಎಲ್ಲಿಂದ ತೊಡಗುತ್ತದೆ ಎಂಬುದನ್ನು ತೋರಿಸಿಕೊಡುವುದೇ ಅನೇಕಾಂತವನ್ನು ನಂಬಿದವರ ಕ್ರಮ. ಆದುದರಿಂದ ಮೊದಲು ಸೀಸದ ವಿಷಯವನ್ನೂ ತಾಮ್ರದ ವಿಷಯವನ್ನೂ ಇದ್ದಂತೆಯೇ ತಿಳಿಯೋಣ.

ಸೀಸ ಮೃದುವಾದ ಲೋಹ. ಸೀಸದ ಗುಂಡು ಪ್ರಾಣಿಯ ದೇಹವನ್ನು ಹೊಕ್ಕೊಡನೆ ಚಪ್ಪಟೆಯಾಗಿ, ಸಿಡಿದು, ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಮಾಂಸದಲ್ಲಿಯೂ ಕರುಳಿನಲ್ಲಿಯೂ ಹರಡುತ್ತದೆ. ಬೇಟೆಗಾರನು ಕಾಡಿನಲ್ಲಿ ಬಿಟ್ಟುಹೋದ ಕರುಳನ್ನು ತಿಂದ ಹಕ್ಕಿಗಳಿಗೆ ಆ ವಿಷ ಏರುತ್ತದೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಮಹಾಪಕ್ಷಿಗಳು 1982ರ ಹೊತ್ತಿಗೆ ಕೇವಲ 22 ಉಳಿದಿದ್ದವು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ಸಾಕಿ, ವಂಶ ಬೆಳೆಸಿ, ಮರಳಿ ಕಾಡಿಗೆ ಬಿಟ್ಟ ಮೇಲೆಯೂ ಅವುಗಳ ಸಾವಿಗೆ ಮುಖ್ಯ ಕಾರಣ ಸೀಸವೇ ಆಗಿ ಉಳಿಯಿತು. ಅಮೆರಿಕದ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ದೀರ್ಘಕಾಲದ ಸೀಸವಿಷಕ್ಕೆ ತುತ್ತಾಗಿದ್ದವೆಂದು ಕಂಡುಕೊಂಡಿತು. ಕ್ಯಾಲಿಫೋರ್ನಿಯಾ 2013ರಲ್ಲಿ ಮಾಡಿದ ಕಾನೂನು 2019ರ ಜುಲೈಯಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಸಂಪೂರ್ಣವಾಗಿ ನಿಷೇಧಿಸಿತು. ಡೆನ್ಮಾರ್ಕ್ 2024ರಲ್ಲಿ ರೈಫಲಿನ ಸೀಸದ ಗುಂಡನ್ನು ನಿಷೇಧಿಸಿತು. ಒಂದು ಹಿಂಸೆಯ ಬೆನ್ನಿಗೆ ಅಂಟಿಕೊಂಡು ಬರುತ್ತಿದ್ದ ಮತ್ತೊಂದು ಹಿಂಸೆಯನ್ನು ಈ ಕ್ರಮಗಳು ತಡೆಯುತ್ತವೆ. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸಬೇಕು.

ಇನ್ನು ತಾಮ್ರದ ಸ್ವಭಾವ. ಒಂದು ಘನ ಸೆಂಟಿಮೀಟರ್ ಸೀಸದ ತೂಕ ಸುಮಾರು 11.3 ಗ್ರಾಂ, ಅಷ್ಟೇ ತಾಮ್ರದ ತೂಕ ಸುಮಾರು 8.9 ಗ್ರಾಂ. ಆದುದರಿಂದ ಒಂದೇ ವ್ಯಾಸ, ಒಂದೇ ತೂಕದ ಎರಡು ಗುಂಡುಗಳನ್ನು ಮಾಡಿದರೆ ತಾಮ್ರದ್ದು ಹೆಚ್ಚು ಉದ್ದವಾಗುತ್ತದೆ. ಉದ್ದನೆಯ ಗುಂಡು ಗಾಳಿಯಲ್ಲಿ ತೊನೆಯದೆ ನೇರವಾಗಿ ಸಾಗಬೇಕಾದರೆ ಹೆಚ್ಚು ವೇಗವಾಗಿ ಗಿರಕಿ ಹೊಡೆಯಬೇಕು. ಆ ಗಿರಕಿಯನ್ನು ಕೊಡುವುದು ನಳಿಗೆಯೊಳಗೆ ಕೊರೆದ ಸುರುಳಿಗೆರೆಗಳು. ಸಣ್ಣ ವ್ಯಾಸದ ಅನೇಕ ರೈಫಲುಗಳಲ್ಲಿ ಈ ಸುರುಳಿ ಅಷ್ಟು ಬಿಗಿಯಾಗಿರುವುದಿಲ್ಲ. ಆ ಕಾರಣದಿಂದ ಅವುಗಳಲ್ಲಿ ಹಗುರವಾದ ತಾಮ್ರದ ಗುಂಡನ್ನೇ ಬಳಸಬೇಕಾಗುತ್ತದೆ.

ಸ್ಕಾಟ್ಲೆಂಡಿನ ಕಾನೂನು ಇದಕ್ಕೆ ಹೊಂದಿಕೊಂಡ ಬಗೆ ಗಮನಾರ್ಹವಾಗಿದೆ. ಅಲ್ಲಿನ 1985ರ ಆದೇಶದಂತೆ ಕೆಂಪು ಜಿಂಕೆಯಂತಹ ದೊಡ್ಡ ಜಿಂಕೆಗೆ ಹಾರಿಸುವ ಗುಂಡು 100 ಗ್ರೇನಿಗಿಂತ, ಅಂದರೆ ಸುಮಾರು 6.5 ಗ್ರಾಮಿಗಿಂತ, ಕಡಿಮೆ ಇರಬಾರದಾಗಿತ್ತು. ಸುಮಾರು 6.2 ಮಿಲಿಮೀಟರ್ ವ್ಯಾಸದ ರೈಫಲುಗಳಲ್ಲಿ ಅಷ್ಟು ತೂಕದ ತಾಮ್ರದ ಗುಂಡು ಸ್ಥಿರವಾಗಿ ಸಾಗುವುದು ಕಷ್ಟವೆನಿಸಿತು. ಸೀಸವಿಲ್ಲದ ಗುಂಡುಗಳಿಗೆ ದಾರಿ ಮಾಡಿಕೊಡಲೆಂದು 2023ರ ತಿದ್ದುಪಡಿಯು ಕನಿಷ್ಠ ತೂಕವನ್ನು 80 ಗ್ರೇನಿಗೆ, ಅಂದರೆ ಸುಮಾರು 5.2 ಗ್ರಾಮಿಗೆ, ಇಳಿಸಿತು. ಪುಟ್ಟ ಗಾತ್ರದ ರೋ ಜಿಂಕೆಗಾದರೆ 50 ಗ್ರೇನ್, ಸುಮಾರು 3.2 ಗ್ರಾಂ ತೂಕದ ಗುಂಡೇ ಅಲ್ಲಿ ಸಾಕು.

ಇಷ್ಟು ಹಗುರವಾದ ಗುಂಡು ಕೆಲಸ ಮಾಡುತ್ತದೆಯೇ ಎಂದರೆ, ಮಾಡುತ್ತದೆ. ತಾಮ್ರದ ಗುಂಡು ಸಿಡಿದು ಚೂರಾಗುವುದಿಲ್ಲ. ಅದರ ಟೊಳ್ಳು ತುದಿ ಹೂವಿನ ಎಸಳುಗಳಂತೆ ಹಿಂದಕ್ಕೆ ಮಡಚಿಕೊಂಡು, ತೂಕವನ್ನು ಬಹುಮಟ್ಟಿಗೆ ಉಳಿಸಿಕೊಂಡೇ ಆಳಕ್ಕೆ ಇಳಿಯುತ್ತದೆ. ಅದೇ ತೂಕದ ಸೀಸದ ಗುಂಡಿಗಿಂತ ಹೆಚ್ಚು ಆಳಕ್ಕೆ ಹೋಗಿ, ಹಲವು ವೇಳೆ ಪ್ರಾಣಿಯ ದೇಹದ ಇನ್ನೊಂದು ಪಕ್ಕದಿಂದ ಹೊರಬೀಳುತ್ತದೆ. ಡೆನ್ಮಾರ್ಕಿನಲ್ಲಿ ನೂರಾರು ಪ್ರಾಣಿಗಳ ಬೇಟೆಯನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕೊಲ್ಲುವ ಸಾಮರ್ಥ್ಯದಲ್ಲಿ ತಾಮ್ರವು ಸೀಸಕ್ಕೆ ಬದಲಿಯಾಗಬಲ್ಲದೆಂದೇ ಹೇಳಿತು. ತಾಮ್ರದ ಗುಂಡು ನಿಷ್ಪ್ರಯೋಜಕವೆಂದು ಸುಳ್ಳು ಹೇಳಿ ಅಹಿಂಸೆಯ ಪಕ್ಷವನ್ನು ಗೆಲ್ಲಿಸುವ ಅಗತ್ಯ ನಮಗಿಲ್ಲ.

ಆದರೆ ಆ ಎಸಳುಗಳು ಬಿಚ್ಚಿಕೊಳ್ಳುವುದಕ್ಕೆ ಒಂದು ಷರತ್ತು ಇದೆ. ತಾಗುವ ಕ್ಷಣದಲ್ಲಿ ಗುಂಡಿಗೆ ಸಾಕಷ್ಟು ವೇಗವಿರಬೇಕು. ಈ ಕನಿಷ್ಠ ವೇಗ ಗುಂಡಿನಿಂದ ಗುಂಡಿಗೆ ಬೇರೆ. ಅನೇಕವುಗಳಿಗೆ ಅದು ಸೆಕೆಂಡಿಗೆ 550ರಿಂದ 600 ಮೀಟರಿನ ಆಸುಪಾಸಿನಲ್ಲಿದೆ. ಮೃದುವಾದ ಸೀಸ ಇದಕ್ಕಿಂತ ಕಡಿಮೆ ವೇಗದಲ್ಲಿಯೂ ಅರಳುತ್ತದೆ. ಹಗುರವಾದ ಗುಂಡು ನಳಿಗೆಯಿಂದ ಹೊರಡುವಾಗ ಬಹು ವೇಗವಾಗಿ ಹೊರಟರೂ ಗಾಳಿಯ ತಡೆಗೆ ಆ ವೇಗವನ್ನು ಬೇಗನೆ ಕಳೆದುಕೊಳ್ಳುತ್ತದೆ. ದೂರ ಮಿತಿ ಮೀರಿದರೆ ಗುಂಡು ಅರಳದೆ, ದಬ್ಬಣ ಚುಚ್ಚಿದಂತೆ ಸಣ್ಣ ರಂಧ್ರವನ್ನು ಮಾಡಿ ಹಾದುಹೋಗುತ್ತದೆ. ಆಗ ಜಿಂಕೆ ಬೀಳುವುದಿಲ್ಲ, ಓಡುತ್ತದೆ. ರಕ್ತವೂ ಹೆಚ್ಚು ಸುರಿಯದಿದ್ದರೆ ಅದರ ಜಾಡು ಹಿಡಿಯುವುದೂ ಕಠಿಣ. ಪೊದೆಯೊಳಗೆ ಗಂಟೆಗಟ್ಟಲೆ ನರಳಿ ಸಾಯುವ ಆ ಜೀವವು ಯಾವ ಜಾಹೀರಾತಿನಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

‘ಮಾನವೀಯ ಗುಂಡು’ ಎಂಬ ಮಾತಿನ ಮೋಸ ಇಲ್ಲಿದೆ. ಹಗುರವಾದ ತಾಮ್ರದ ಗುಂಡು ತಪ್ಪಿಗೆ ಇರುವ ಅವಕಾಶವನ್ನು ಕಿರಿದುಗೊಳಿಸುತ್ತದೆ. ದೂರ ಸರಿಯಾಗಿದ್ದರೆ, ಕೈ ನಡುಗದಿದ್ದರೆ, ಜಿಂಕೆ ಕದಲದಿದ್ದರೆ, ಗುಂಡು ಹೃದಯ ಶ್ವಾಸಕೋಶಗಳನ್ನೇ ತಾಗಿದರೆ ಸಾವು ಶೀಘ್ರ. ಈ ‘ಆದರೆ’ಗಳಲ್ಲಿ ಒಂದು ತಪ್ಪಿದರೂ ಅದರ ಬೆಲೆಯನ್ನು ತೆರುವುದು ಬೇಟೆಗಾರನಲ್ಲ, ಜಿಂಕೆ. ಗುಂಡಿಗೆ ಮಾನವೀಯತೆಯನ್ನು ಆರೋಪಿಸಿದೊಡನೆ ಹಾರಿಸಿದವನ ಹೊಣೆಯು ಲೋಹಕ್ಕೆ ವರ್ಗವಾಗಿಬಿಡುತ್ತದೆ. ದೂರವನ್ನು ಅಳೆಯದವನು, ಅಭ್ಯಾಸವಿಲ್ಲದವನು, ತಾನು ಒಳ್ಳೆಯ ಗುಂಡನ್ನು ಕೊಂಡಿದ್ದೇನೆಂಬ ಸಮಾಧಾನದಲ್ಲಿ ಮನೆಗೆ ಮರಳುತ್ತಾನೆ.

ನಮ್ಮ ಆಚಾರ್ಯರು ಹಿಂಸೆಯನ್ನು ಅಳೆದದ್ದು ಆಯುಧದಿಂದಲ್ಲ. ತತ್ತ್ವಾರ್ಥಸೂತ್ರವು ಪ್ರಮಾದದಿಂದ ಕೂಡಿದ ಯೋಗದ ಮೂಲಕ ಪ್ರಾಣವನ್ನು ಕಳೆಯುವುದೇ ಹಿಂಸೆಯೆಂದು ನಿರ್ಣಯಿಸಿದೆ. ಗೃಹಸ್ಥನಿಗೆ ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳು ಪೂರ್ಣವಾಗಿ ತಪ್ಪುವುದಿಲ್ಲವೆಂಬುದನ್ನು ಬಲ್ಲ ನಮ್ಮ ಪರಂಪರೆ, ಸಂಕಲ್ಪಿ ಹಿಂಸೆಗೆ ಮಾತ್ರ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಸಪ್ತವ್ಯಸನಗಳಲ್ಲಿ ಬೇಟೆಯನ್ನು ಎಣಿಸಿದ್ದು ಈ ಕಾರಣದಿಂದಲೇ. ಜನ್ನನ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಅಲ್ಲಿ ರಕ್ತವಿಲ್ಲ, ನೋವಿಲ್ಲ. ಆದರೂ ಆ ಸಂಕಲ್ಪವೊಂದೇ ತಾಯಿ ಮಗನನ್ನು ಜನ್ಮಜನ್ಮಾಂತರಗಳಲ್ಲಿ ಅಲೆಸಿತು. ಹಿಟ್ಟಿನ ಕೋಳಿಗೇ ಈ ಲೆಕ್ಕವಾದರೆ, ದೂರದರ್ಶಕದಲ್ಲಿ ಎದೆಯನ್ನು ಗುರಿಯಿಟ್ಟು ಕೊಂದ ಜಿಂಕೆಯ ಲೆಕ್ಕವನ್ನು ಲೋಹದ ಬದಲಾವಣೆ ಅಳಿಸಬಲ್ಲುದೇ?

ಇದಕ್ಕೆ ಬರುವ ಪ್ರಬಲವಾದ ಆಕ್ಷೇಪವೊಂದಿದೆ. ಸ್ಕಾಟ್ಲೆಂಡಿನಲ್ಲಿ ತೋಳಗಳಿಲ್ಲ. ಜಿಂಕೆಗಳು ಮಿತಿಮೀರಿ ಹೆಚ್ಚಿ ಎಳೆಯ ಮರಗಳನ್ನು ಮೇಯ್ದುಬಿಡುತ್ತವೆ, ಕಠಿಣ ಚಳಿಗಾಲದಲ್ಲಿ ಹಸಿದು ಸಾಯುತ್ತವೆ. ಆದುದರಿಂದ ಗುಂಡಿನ ಸಾವೇ ಕರುಣೆಯೆಂದು ಅವರು ಹೇಳುತ್ತಾರೆ. ಸಂಕಟ ನಿಜವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಈ ವಾದ ಹೊಸತಲ್ಲ. ಅಮೃತಚಂದ್ರಾಚಾರ್ಯರು ಸುಮಾರು ಸಾವಿರ ವರ್ಷಗಳ ಹಿಂದೆಯೇ ಪುರುಷಾರ್ಥಸಿದ್ಧ್ಯುಪಾಯದಲ್ಲಿ, ದುಃಖಿಯಾದ ಜೀವವನ್ನು ಕೊಂದು ದುಃಖದಿಂದ ಬಿಡಿಸುವೆವೆಂಬ ಮಾತನ್ನೂ, ಒಂದನ್ನು ಕೊಂದು ಅನೇಕವನ್ನು ಉಳಿಸುವೆವೆಂಬ ಮಾತನ್ನೂ ಎತ್ತಿಕೊಂಡು ನಿರಾಕರಿಸಿದ್ದಾರೆ. ತೋಳವನ್ನು ನಿರ್ಮೂಲ ಮಾಡಿದವನು ಮನುಷ್ಯ. ಈಗ ತೋಳದ ಸ್ಥಾನದಲ್ಲಿ ಕುಳಿತು ಅದನ್ನು ಕರುಣೆಯೆನ್ನುವವನೂ ಅವನೇ. ಬೇಲಿ, ಗಿಡಗಳ ರಕ್ಷಣೆ, ಬೇಟೆಗೆಂದೇ ಜಿಂಕೆಗಳ ಸಂಖ್ಯೆಯನ್ನು ಉಳಿಸಿಕೊಳ್ಳುವ ಜಮೀನುದಾರರ ಮೇಲೆ ಅಂಕುಶ ಇವೆಲ್ಲವೂ ಮುಗಿದ ಮೇಲೂ ಒಂದು ಸರಕಾರ ಕೊಲ್ಲಲು ನಿರ್ಧರಿಸಿದರೆ, ಅದನ್ನು ತನ್ನ ಸೋಲೆಂದು ಹೇಳಲಿ. ಸೋಲನ್ನು ಧರ್ಮವೆಂದು ಕರೆಯುವುದಕ್ಕೆ ನಮ್ಮ ವಿರೋಧ.

ಹೀಗೆಂದು ನಾವು ದೂರದವರ ದೋಷವನ್ನು ಎಣಿಸಿ ಸುಮ್ಮನಾಗುವಂತಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಿಂಕೆಯ ಬೇಟೆಯನ್ನು ನಿಷೇಧಿಸಿದೆ. ಸೀಸದ ಕಾಂಡೋರಿನ ಕಥೆ ಮಾತ್ರ ಬೇರೆ ರೂಪದಲ್ಲಿ ಇಲ್ಲಿಯೂ ನಡೆಯಿತು. ದನಗಳ ನೋವು ಶಮನವಾಗಲೆಂದು ಕೊಟ್ಟ ಡೈಕ್ಲೋಫೆನಾಕ್ ಔಷಧ, ಆ ದನಗಳ ಕಳೇಬರದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಇಲ್ಲವಾದವು. ಪಶುಚಿಕಿತ್ಸೆಯಲ್ಲಿ ಆ ಔಷಧ 2006ರಲ್ಲಿ ನಿಷಿದ್ಧವಾಯಿತು; ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಎಂಬಿವೂ 2023ರಲ್ಲಿ ನಿಷಿದ್ಧವಾದವು. ರಾಮನಗರದ ಬಂಡೆಗಳ ಮೇಲೆ ಉಳಿದ ಕೆಲವೇ ರಣಹದ್ದುಗಳಿಗಾಗಿ 2012ರಲ್ಲಿ ಅಭಯಾರಣ್ಯವನ್ನು ಘೋಷಿಸಬೇಕಾಯಿತು. ಇಲ್ಲಿ ಕೊಲ್ಲುವ ಸಂಕಲ್ಪವಿರಲಿಲ್ಲ, ದಯೆಯೇ ಇತ್ತು. ಆದರೆ ನಿಷೇಧವನ್ನು ತಿಳಿದ ಮೇಲೂ ವಿಚಾರಿಸದೆ ಅದೇ ಔಷಧವನ್ನು ಕೊಡುವುದು ಪ್ರಮಾದ. ಗೋಶಾಲೆ, ಪಾಂಜರಪೋಳಗಳನ್ನು ನಡೆಸುವ ಟ್ರಸ್ಟುಗಳು ತಮ್ಮ ಔಷಧದ ಬೀರುವನ್ನು ತೆರೆದು ನೋಡಬೇಕು. ರಣಹದ್ದುಗಳಿಗೆ ಹಾನಿಯಿಲ್ಲದ ಮೆಲೋಕ್ಸಿಕಾಮ್ ಇರುವಾಗ ಬೇರೆಯದು ಏಕೆಂದು ಪಶುವೈದ್ಯರನ್ನು ಕೇಳಬೇಕು.

ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು. ಹಿಂಸೆಯ ಉಪಕರಣವನ್ನು ಇನ್ನೊಬ್ಬರಿಗೆ ಒದಗಿಸುವುದೂ ದೋಷವೇ. ಇಂದು ಕೈಯಾರೆ ಕತ್ತಿ ಕೊಡುವವರಿಲ್ಲ, ಆದರೆ ಷೇರುಗಳ ಮೂಲಕ ಹಣವು ಎಲ್ಲಿಗೂ ಹರಿಯಬಲ್ಲದು. ಹೂಡಿಕೆ ಮಾಡುವ ಕುಟುಂಬಗಳು, ವಿಶೇಷವಾಗಿ ವಿದೇಶಗಳಲ್ಲಿ ಬಸದಿಯ ನಿಧಿಯನ್ನು ನೋಡಿಕೊಳ್ಳುವವರು, ಆ ಹಣ ಬಂದೂಕು ಗುಂಡುಗಳ ಕಾರ್ಖಾನೆಯನ್ನು ಸೇರುತ್ತಿದೆಯೇ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಲಿ. ಆ ಗುಂಡು ಸೀಸದ್ದೋ ತಾಮ್ರದ್ದೋ ಎಂಬ ಭೇದ ಈ ಪರಿಶೀಲನೆಯಲ್ಲಿ ಬರಬೇಕಾಗಿಲ್ಲ.

ವಿದೇಶದ ನಮ್ಮ ತರುಣರಿಗೂ ಒಂದು ಮಾತು. ಬೇಟೆಯಾಡುವ ನೆರೆಯವನನ್ನು ದ್ವೇಷಿಸಬೇಡಿ, ದ್ವೇಷವೂ ಹಿಂಸೆಯೇ. ಅವನು ಸೀಸವನ್ನು ಬಿಟ್ಟಿದ್ದರೆ ಒಳ್ಳೆಯದನ್ನೇ ಮಾಡಿದನೆಂದು ಹೇಳಿರಿ. ಎಷ್ಟು ದೂರದಲ್ಲಿ ನಿನ್ನ ಗುಂಡು ಅರಳುವುದು ನಿಲ್ಲುತ್ತದೆ, ಆ ದೂರದ ಆಚೆ ನಿಂತ ಜಿಂಕೆಯನ್ನು ಕಂಡಾಗ ಗುಂಡು ಹಾರಿಸದೆ ಕೈಯನ್ನು ತಡೆಯುವೆಯಾ ಎಂದು ಕೇಳಿರಿ. ಪ್ರಾಮಾಣಿಕನಾದವನು ಯೋಚಿಸುತ್ತಾನೆ. ಒಂದು ದೂರದಲ್ಲಿ ಕೈ ತಡೆಯಬಲ್ಲವನು ಎಲ್ಲ ದೂರದಲ್ಲಿಯೂ ತಡೆಯಬಲ್ಲನೆಂಬುದನ್ನು ಆಗ ಅವನಿಗೆ ಸ್ನೇಹದಿಂದ ತಿಳಿಸಿರಿ. ವಿವಾಹಕ್ಕೆ ಹೊರಟ ನೇಮಿನಾಥ ತೀರ್ಥಂಕರರು, ಔತಣಕ್ಕಾಗಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನವನ್ನು ಕೇಳಿದಾಗ, ಅವನ್ನು ಹೇಗೆ ಕೊಲ್ಲುವರೆಂದು ವಿಚಾರಿಸಲಿಲ್ಲ. ರಥವನ್ನೇ ಹಿಂದಕ್ಕೆ ತಿರುಗಿಸಿದರು. ಧರ್ಮಬಂಧುಗಳು ಈ ದೃಷ್ಟಾಂತವನ್ನು ಮಕ್ಕಳಿಗೆ ಹೇಳುವಾಗ, ಇಂದಿನ ಜಿಂಕೆಯ ವಿಷಯವನ್ನೂ ಅದರೊಡನೆ ಸೇರಿಸಿ ಹೇಳಲಿ.